ಹಿಡಿಕೆ ಮುರಿದ ಕಪ್ಪು

ಸತ್ಯನಾರಾಯಣಪೇಟೆ, ಬಳ್ಳಾರಿ
20 ಜುಲೈ 1948

ನನ್ನ ಮುದ್ದು ಸಾವಂತ್ರಿ,

ಕುಶಲ ಕೇಳುವುದನ್ನು ಕಡೆಗೆ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಮೊದಲು ಹೇಳಬೇಕಾದ ಸುದ್ದಿ ಬಾಯಲ್ಲಿ ನಿಲ್ಲುತ್ತಿಲ್ಲ. ಪಂಚಮಿಗೆ ನನ್ನನ್ನು ಕರೆದೊಯ್ಯಲು ನಮ್ಮಣ್ಣ, ಸುಂಕಣ್ಣ, ಬರುತ್ತಾನೆ. ಕುರುಗೋಡಿನ ನಮ್ಮ ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿಸಬೇಕೆಂದು ಅಪ್ಪನಿಗೆ ಆಗಲೇ ಬರೆದಿದ್ದೇನೆ, ಹಗ್ಗ ಹೊಸದೇ ಆಗಬೇಕೆಂದೂ ಬರೆದಿದ್ದೇನೆ. ನೀನು ಸಿರುಗುಪ್ಪದಿಂದ ಬಾ, ನಾನು ಬಳ್ಳಾರಿಯಿಂದ ಬರುತ್ತೇನೆ. ಒಂದೇ ಹಲಗೆಯ ಮೇಲೆ ಇಬ್ಬರೂ ಎದುರುಬದುರು ನಿಂತು ಜೀಕೋಣ. ಮದುವೆಯಾದ ಹೆಂಗಸರು ಹೀಗೆ ಕುಣಿಯುತ್ತಾರೆಯೇ ಎಂದು ಯಾರು ನಕ್ಕರೂ ನಗಲಿ.

ನನಗಿನ್ನೂ ಮದುವೆಯಾಗಿದೆ ಎಂಬುದೇ ರೂಢಿಯಾಗಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟಾಗ ಇದು ಯಾರ ಮನೆ ಎಂದು ಗಾಬರಿಯಾಗುತ್ತದೆ, ಆಮೇಲೆ ಗೂಟಕ್ಕೆ ತೂಗಿದ ಅವರ ಟೋಪಿ ಕಾಣುತ್ತದೆ, ನನಗೆ ನಗು ಬರುತ್ತದೆ. ಕಾನ್ವೆಂಟಿನ ಸಿಸ್ಟರುಗಳು ನನಗೆ ಫೋರ್ಕು ಹಿಡಿಯುವುದನ್ನು ಕಲಿಸಿದರು, ಪಿಯಾನೊದ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂರುವುದನ್ನು ಕಲಿಸಿದರು, ರೊಟ್ಟಿ ಬಡಿಯುವುದನ್ನು ಮಾತ್ರ ಕಲಿಸಲಿಲ್ಲ. ಅಡುಗೆಗೆ ಕೌಲ್ ಬಜಾರಿನಿಂದ ಗಾದೆಮ್ಮ ಎಂಬಾಕೆ ಬರುತ್ತಾಳೆ. ನನ್ನ ಮೊದಲ ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಇಂಗ್ಲೀಷಿನಾಗ ಇದಕ್ಕ ಏನಂತಾರವ್ವ, ರೊಟ್ಟಿನೋ ಇದ್ಲಿನೋ" ಎಂದು ಕೇಳಿದಳು. ಅವರು ಆ ರೊಟ್ಟಿಯನ್ನು ಒಂದು ಚೂರೂ ಬಿಡದೆ ತಿಂದರು. ಪ್ರೀತಿ ಎಂದರೆ ಇದೇ ಇರಬೇಕು ಎಂದು ನಾನು ಬಚ್ಚಲಿಗೆ ಹೋಗಿ ಸ್ವಲ್ಪ ಅತ್ತೆ.

ಅವರ ಕೆಲಸ ಏನೆಂದು ನೀನು ಕೇಳಿದ್ದೆಯಲ್ಲ. ಕ್ಯಾಪ್ಟನ್ ಪಾಲಯ್ಯ ಎಂದರೆ ಕತ್ತಿ ಹಿರಿದು ಮುಂದೆ ಓಡುವವರು ಎಂದು ನಾನೂ ತಿಳಿದಿದ್ದೆ. ಅದಲ್ಲ. ಅವರು ಗಡಿ ಬೆಟಾಲಿಯನ್ನಿನ ಅಡ್ಜುಟೆಂಟ್, ಅಂದರೆ ಯಾವ ಕಂಪನಿ ಯಾವಾಗ ಎಲ್ಲಿಗೆ ಹೋಗಬೇಕೆಂದು ಸರದಿ ಕಟ್ಟುವವರು. ನಿಮ್ಮೂರ ಹೊಳೆಯ ಈ ದಂಡೆ ನಮ್ಮದು, ಆ ದಂಡೆ ನಿಜಾಮರ ಸೀಮೆ. ಆಚೆಯಿಂದ ಹರಿಗೋಲಿನಲ್ಲಿ ಬಂದು ಕೊಳ್ಳೆ ಹೊಡೆಯುವ ಗುಂಪುಗಳ ಕಥೆ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಬೆಟಾಲಿಯನ್ನಿನಲ್ಲಿ ಮೂರು ಕಂಪನಿ. ಒಂದು ಹೊಳೆಯ ಕಾವಲಿಗೆ, ಒಂದು ಬಳ್ಳಾರಿಯ ಊರ ಕಾವಲಿಗೆ, ಒಂದಕ್ಕೆ ವಿಶ್ರಾಂತಿ. ಹೊಳೆಯಿಂದ ಬಂದವರು ಮೊದಲು ದಣಿವಾರಿಸಿಕೊಂಡು, ಊರ ಕಾವಲು ಮುಗಿಸಿ, ಆಮೇಲೆಯೇ ಮತ್ತೆ ಹೊಳೆಗೆ ಹೋಗಬೇಕು. ಒಂದೇ ಕಂಪನಿಯನ್ನು ಮೇಲಿಂದ ಮೇಲೆ ಕಳಿಸಿದರೆ ಜನ ಜ್ವರ ಬಿದ್ದು, ಮನೆಯ ನೆನಪಿಗೆ ಬಿದ್ದು, ಕಾವಲಿಗೆ ಬಾರದವರಾಗುತ್ತಾರಂತೆ. ಇದನ್ನೆಲ್ಲ ಅವರು ನನಗೆ ತೋರಿಸಿದ್ದು ಟೀ ಕಪ್ಪುಗಳಿಂದ. ಮೇಜುಬಟ್ಟೆಯ ನೀಲಿ ಅಂಚು ಹೊಳೆ, ಸಕ್ಕರೆ ಬಟ್ಟಲು ಬಳ್ಳಾರಿ, ತಟ್ಟೆಯೇ ವಿಶ್ರಾಂತಿ. ನೀಲಿ ಹೂವಿನ ಕಪ್ಪು ಎ ಕಂಪನಿ, ಕೆಂಪು ಹೂವಿನದು ಬಿ ಕಂಪನಿ, ಮದುವೆಯ ಗಲಾಟೆಯಲ್ಲಿ ಹಿಡಿಕೆ ಮುರಿದ ಬಿಳಿ ಕಪ್ಪು ಸಿ ಕಂಪನಿ. ಯುದ್ಧವೂ ಇಷ್ಟು ಚಂದವಾಗಿರಬಹುದೆಂದು ನನಗೆ ಗೊತ್ತಿರಲಿಲ್ಲ.

ನಮ್ಮ ಸುಂಕಣ್ಣ ಇರುವುದು ಕೆಂಪು ಹೂವಿನ ಕಪ್ಪಿನಲ್ಲಿ. ಸರದಿಯ ಪ್ರಕಾರ ಅವನ ಕಂಪನಿ ಪಂಚಮಿಯ ಹೊತ್ತಿಗೆ ಹೊಳೆಯಲ್ಲಿ ಇರಬೇಕಿತ್ತು. ಹೇಗೋ ತಪ್ಪಿತು. ಹೇಗೆ ಎಂದು ಕಾಗದದಲ್ಲಿ ಬರೆಯುವುದಿಲ್ಲ, ಜೋಕಾಲಿಯ ಮೇಲೆ ಕಿವಿಯಲ್ಲಿ ಹೇಳುತ್ತೇನೆ. ನಿನ್ನ ಹಂಪಿ ಬರೀ ಪಿಯಾನೊ ಕಲಿತು ಬಂದವಳಲ್ಲ ಎಂದು ಆಗ ನಿನಗೆ ಗೊತ್ತಾಗುತ್ತದೆ.

ನಿನ್ನ ಅತ್ತೆ ವಿರೂಪಮ್ಮನವರಿಗೆ ನನ್ನ ನಮಸ್ಕಾರ ಹೇಳು. ಈಗ ಕುಶಲ ಕೇಳುತ್ತೇನೆ. ಚೆನ್ನಾಗಿದ್ದೀಯಾ?

ಕುಣಿಯುತ್ತಲೇ ಬರೆದ ನಿನ್ನ
ಹಂಪಿ

ತಾ.ಕ. ನಿಮ್ಮ ಹೊನ್ನೂರಣ್ಣ ಯಾವ ಕಂಪನಿಯೋ ನಾನು ಕೇಳಿಲ್ಲ. ಯಾವುದಾದರೇನು, ತಂಗಿಯನ್ನು ಕರೆಯಲು ಅವನು ಬಂದೇ ಬರುತ್ತಾನೆ.


ಬಳ್ಳಾರಿ
14 ಆಗಸ್ಟ್ 1948

ಪ್ರೀತಿಯ ಸಾವಂತ್ರಿ,

ನಿನ್ನ ಪತ್ರವನ್ನು ಬಾಗಿಲಲ್ಲಿ ನಿಂತೇ ಓದಿದೆ. ಮತ್ತೆ ಒಳಗೆ ಬಂದು ಕೂತು ಓದಿದೆ. ನೀನು ಅಳುತ್ತ ಬರೆದಿದ್ದೀಯ, ಕೆಲವು ಸಾಲು ಕಲಸಿಹೋಗಿವೆ. ನಾನು ತಿಳಿದುಕೊಂಡದ್ದು ಸರಿಯೇ ನೋಡು.

ಮದುವೆಯಾದಾಗಿನಿಂದ ಒಂದು ಪಂಚಮಿಗೂ ಹೊನ್ನೂರಣ್ಣ ನಿನ್ನ ಬಾಗಿಲಿಗೆ ಬರಲಾಗಿರಲಿಲ್ಲ. ಮೊದಲು ಬರ್ಮಾ, ಆಮೇಲೆ ಆಸ್ಪತ್ರೆ, ಹೋದ ವರ್ಷ ಪಂಜಾಬು. ಈ ವರ್ಷ ರಜೆ ಸಿಕ್ಕಿತ್ತು. ಅಷ್ಟರಲ್ಲಿ ಅವನ ಕಂಪನಿಗೆ ತಿರುಗಿ ಹೊಳೆಗೆ ಹೋಗಲು ಆದೇಶವಾಗಿ ರಜೆ ರದ್ದಾಯಿತು. ಕಾವಲಿಗೆ ಹಾಕಿದ್ದು ಹೊಳೆ ದಾಟುವ ನಿಮ್ಮೂರ ಕಡವಿನಲ್ಲೇ, ಕೂಗಿದರೆ ನಿನ್ನ ಅಂಗಳಕ್ಕೆ ಕೇಳುವಷ್ಟು ದೂರದಲ್ಲಿ. ಪಂಚಮಿಯ ದಿನ ಓಣಿಯ ಸೊಸೆಯರೆಲ್ಲ ಅಣ್ಣಂದಿರ ಬಂಡಿ ಹತ್ತಿ ಹೋದರು. ವಿರೂಪಮ್ಮನವರು, "ನಿಮ್ಮಣ್ಣ ಸರ್ಕಾರಕ್ಕ ಅಣ್ಣ, ನಿನಗಲ್ಲ ಬಿಡು" ಎಂದರು. ನಿನಗೆ ತಡೆಯಲಾಗದೆ ಹಾಲಿನವಳ ಕೈಯಲ್ಲಿ, "ಹೊಸ್ತಿಲ ಮುಟ್ಟಿ ಹೋಗಾಕೂ ಆಗಂಗಿಲ್ಲೇನಂತ ಕೇಳು ಅವಂಗ" ಎಂದು ಹೇಳಿ ಕಳಿಸಿದೆ.

ಅವನು ಸಂಜೆ ಬಂದ. ಕಾವಲಿಗೆ ಜೊತೆಗಾರ ಎರ್ರೆಪ್ಪನೊಬ್ಬನನ್ನೇ ಬಿಟ್ಟು ಬಂದ. ಬೂಟು ಬಿಚ್ಚಲು ಹೊತ್ತಿಲ್ಲವೆಂದು ಒಳಗೆ ಬರದೆ, ಖಾಕಿ ವಸ್ತ್ರದಲ್ಲಿ ಸುತ್ತಿದ ಗಿಣಿಹಸಿರು ಸೀರೆಯನ್ನೂ ಒಂದು ಕೊಬ್ಬರಿ ಬಟ್ಟಲನ್ನೂ ಹೊಸ್ತಿಲ ಮೇಲಿಟ್ಟು, "ಮುಟ್ಟೀನಿ ನೋಡವ್ವ, ಬಂದಂಗಾತು" ಎಂದ. ನೀನು ಸೀರೆ ಎತ್ತಿಕೊಳ್ಳುವಷ್ಟರಲ್ಲಿ ಕಡವಿನ ಕಡೆಯಿಂದ ಗುಂಡಿನ ಸದ್ದು ಬಂತು. ಅವನು ಓಡಿದ. ಹರಿಗೋಲಿನಲ್ಲಿ ಬಂದವರು ದಂಡೆಯ ಅಕ್ಕಿ ಚೀಲಗಳಿಗೆ ಬೆಂಕಿ ಹಚ್ಚಿ ಆಗಲೇ ಹೊರಟಿದ್ದರು. ಎರ್ರೆಪ್ಪನ ತೊಡೆಗೆ ಗುಂಡು ಬಿದ್ದಿತ್ತು. ಈಗ ಹೊನ್ನೂರಣ್ಣನನ್ನು ಬಳ್ಳಾರಿಗೆ ತಂದು ಕೊಠಡಿಯಲ್ಲಿ ಕೂರಿಸಿದ್ದಾರೆ. ಕಾವಲು ಬಿಟ್ಟ ತಪ್ಪಿಗೆ ಕೋರ್ಟ್ ಮಾರ್ಷಲ್ ಎನ್ನುತ್ತಿದ್ದಾರೆ. ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ನಿನ್ನ ಅತ್ತೆ ನಿನ್ನನ್ನು "ಅಣ್ಣನ್ನ ತಿಂದಾಕಿ" ಎಂದು ಕರೆಯುತ್ತಿದ್ದಾರೆ. ನೀನೂ ಹಾಗೆಯೇ ಅಂದುಕೊಂಡು ಊಟ ಬಿಟ್ಟಿದ್ದೀಯ.

ಸಾವಂತ್ರಿ, ಊಟ ಬಿಡಬೇಡ. ತಪ್ಪು ನಿನ್ನದಲ್ಲ. ನಿನ್ನದಲ್ಲ ಎಂದು ನನಗೆ ಖಂಡಿತ ಗೊತ್ತು. ಹೇಗೆ ಗೊತ್ತು ಎಂದು ಮಾತ್ರ ಈಗ ಕೇಳಬೇಡ.

"ನಿನ್ನ ಮನೆಯವರು ದೊಡ್ಡ ಕೆಲಸದಲ್ಲಿ ಇದ್ದಾರೆ, ಒಂದು ಮಾತು ಹಾಕು" ಎಂದು ಬರೆದಿದ್ದೀಯ. ಹಾಕುತ್ತೇನೆ. ಅವರು ಈಗ ಬಹಳ ಬಿಗುವಾಗಿದ್ದಾರೆ. ನಾಳೆ ಸ್ವಾತಂತ್ರ್ಯದ ಮೊದಲ ವರ್ಷದ ಪರೇಡು, ಅದರ ಗಡಿಬಿಡಿ ಬೇರೆ. ಅದು ಮುಗಿಯಲಿ. ನಾನು ಪರೇಡಿಗೆ ಹಾಕಿಕೊಳ್ಳಲು ಹೊಸ ರವಿಕೆ ಹೊಲಿಸಿದ್ದೆ, ಬೆನ್ನಿಗೆ ಸಣ್ಣ ಸಣ್ಣ ಗುಂಡಿಗಳಿವೆ. ಏನೇನೋ ಬರೆಯುತ್ತಿದ್ದೇನೆ, ಕ್ಷಮಿಸು.

ಕುರುಗೋಡಿನ ಪಂಚಮಿಯ ಬಗ್ಗೆ ಕೇಳಿದ್ದೀಯ. ಸುಂಕಣ್ಣ ಬಂದು ಕರೆದೊಯ್ದ. ಜೋಕಾಲಿ ಕಟ್ಟಿದ್ದರು, ಹಗ್ಗ ಹೊಸದೇ ಇತ್ತು. ನಾಗಪ್ಪನ ಕಟ್ಟೆಗೆ ಹಾಲೆರೆಯಲು ಹೋದಾಗ ನಿಮ್ಮವ್ವ ಯಂಕಮ್ಮನೂ ಬಂದಿದ್ದಳು. ನಾನು ದೇವರ ಪಾಲು, ಅಪ್ಪನ ಪಾಲು, ಸುಂಕಣ್ಣನ ಪಾಲು ಎಂದು ಎರೆದು ಏಳುತ್ತಿದ್ದೆ. ನಿಮ್ಮವ್ವ ನನ್ನ ಕೈ ಹಿಡಿದು, "ನನ್ನ ಮಗಳು ಬರಲಿಲ್ಲ ಯವ್ವಾ. ನಮ್ಮ ಹೊನ್ನೂರನ ಪಾಲೂ ನೀನಾ ಎರಿ" ಎಂದಳು. ಎರೆದೆ. ಹಾಲು ಕಲ್ಲಿನ ಮೇಲೆ ಬೀಳಲಿಲ್ಲ, ನನ್ನ ಸೀರೆಯ ಮೇಲೆ ಬಿತ್ತು. ನಿಮ್ಮವ್ವ, "ಸಾಲಿ ಕಲ್ತ ಕೈ" ಎಂದು ನಕ್ಕಳು. ಆಗ ಇನ್ನೂ ಕಡವಿನ ಸುದ್ದಿ ಬಂದಿರಲಿಲ್ಲ.

ಇಷ್ಟೇ. ಬೇಗ ಮತ್ತೆ ಬರೆಯುತ್ತೇನೆ.

ನಿನ್ನ
ಹಂಪಿ


ಬಳ್ಳಾರಿ
25 ಆಗಸ್ಟ್ 1948

ಸಾವಂತ್ರಿ,

ಈ ಪತ್ರವನ್ನು ನಿನ್ನ ಅತ್ತೆಯ ಮುಂದೆ ಗಟ್ಟಿಯಾಗಿ ಓದು. ವಿರೂಪಮ್ಮನವರೇ, ಇದು ನಿಮಗೂ ಸೇರಿದ ಪತ್ರ. ಸಾವಂತ್ರಿ ನಡುವೆ ನಿಲ್ಲಿಸಿದರೆ ಓದು ಎಂದು ಹೇಳಿ. ನಾನು ಎಲ್ಲವನ್ನೂ ಸಾಲಾಗಿ ಬರೆಯಲು ಪ್ರಯತ್ನಿಸುತ್ತೇನೆ. ನನಗೆ ಯಾವುದನ್ನೂ ಸಾಲಾಗಿ ಹೇಳಿ ರೂಢಿಯಿಲ್ಲ.

ಪಂಚಮಿಯ ದಿನ ಹೊನ್ನೂರಪ್ಪ ಕಡವಿನಲ್ಲಿ ಇರಬೇಕಾದವನೇ ಅಲ್ಲ. ಅವನ ಸಿ ಕಂಪನಿ ಹೊಳೆಯ ಸರದಿ ಮುಗಿಸಿ ಜುಲೈಯಲ್ಲಿ ಬಳ್ಳಾರಿಗೆ ಬಂದಿತ್ತು. ಕಂಪನಿ ಬದಲಾಗುವ ನಡುವಿನ ದಿನಗಳಲ್ಲಿ ದಂಡೆಯನ್ನು ಪೊಲೀಸರು ನೋಡಿಕೊಳ್ಳುತ್ತಾರೆ. ಸಿ ಕಂಪನಿಯ ಬದಲಿಗೆ ಹೋಗಬೇಕಾಗಿದ್ದದ್ದು ಬಿ ಕಂಪನಿ, ನಮ್ಮಣ್ಣ ಸುಂಕಪ್ಪನ ಕಂಪನಿ. ಸಿ ಕಂಪನಿ ಬಂದ ಹೊಸದರಲ್ಲಿ ಒಂದು ಸಂಜೆ ನಾವು ಟೀ ಕುಡಿಯುತ್ತಿದ್ದೆವು. ನನ್ನ ಗಂಡ ಎಂದಿನಂತೆ ಕಪ್ಪುಗಳನ್ನು ಇಟ್ಟುಕೊಂಡು ಯೋಚಿಸುತ್ತ ಕೆಂಪು ಹೂವಿನ ಕಪ್ಪನ್ನು ನೀಲಿ ಅಂಚಿಗೆ ತಂದರು. ಹಾಗಾದರೆ ಪಂಚಮಿಗೆ ನನ್ನನ್ನು ಕರೆಯಲು ಯಾರು ಬರುತ್ತಾರೆ ಎಂದು ಕೇಳಿದೆ. ಮದುವೆಯಾದ ಮೇಲಿನ ಮೊದಲ ಪಂಚಮಿ, ಅಣ್ಣ ಬಾರದೆ ಹೇಗೆ ಹೋಗಲಿ ಎಂದೆ. ಅವರು ನಕ್ಕು, ಬರುವ ವರ್ಷ ಎಂದರು. ನಾನು ಸ್ವಲ್ಪ ಅತ್ತೆ, ಸ್ವಲ್ಪ ನಕ್ಕೆ, ಆಮೇಲೆ ಕೆಂಪು ಕಪ್ಪನ್ನು ಎತ್ತಿ ಸಕ್ಕರೆ ಬಟ್ಟಲಿನ ಪಕ್ಕಕ್ಕೆ ಇಟ್ಟೆ. ತಟ್ಟೆಯಲ್ಲಿದ್ದ ಹಿಡಿಕೆ ಮುರಿದ ಕಪ್ಪನ್ನು ಬೆರಳಿನಿಂದ ನೀಲಿ ಅಂಚಿನವರೆಗೂ ತಳ್ಳಿದೆ. "ಇದು ಹೇಗೂ ಮುರಿದದ್ದೇ, ನೀರಿಗೆ ಹೋದರೇನು" ಎಂದೆ.

ಈ ಮಾತನ್ನು ಬರೆಯುವುದೋ ಬೇಡವೋ ಎಂದು ಬಹಳ ಹೊತ್ತು ಕೂತಿದ್ದೆ. ಹೇಳಿದ್ದು ಹೌದು, ಅದಕ್ಕೇ ಬರೆದೆ.

ಅವರು ಕಪ್ಪನ್ನು ವಾಪಸು ಇಡಲಿಲ್ಲ. ಮಾರನೆಯ ದಿನ ಕರ್ನಲ್ ಸಾಹೇಬರಿಗೆ, ಹೊಳೆ ಏರುತ್ತಿದೆ, ಬಿ ಕಂಪನಿಯಲ್ಲಿ ಹೊಸ ಹುಡುಗರೇ ಹೆಚ್ಚು, ಸಿ ಕಂಪನಿಯವರಿಗೆ ಕಡವುಗಳ ಗುರುತಿದೆ, ಅವರನ್ನೇ ಇನ್ನೊಂದು ಸಲ ಕಳಿಸುವುದು ಒಳ್ಳೆಯದು ಎಂದರು. ಸಾಹೇಬರು ಒಪ್ಪಿದರು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಹೊನ್ನೂರಪ್ಪನ ರಜೆ ರದ್ದಾದದ್ದು ಹಾಗೆ. ಅವನು ಆ ಕಂಪನಿಯಲ್ಲಿದ್ದಾನೆಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಜೋಕಾಲಿ ಒಂದೇ.

ಕಳೆದ ವಾರ ಎರ್ರೆಪ್ಪನನ್ನು ನೋಡಲು ಆಸ್ಪತ್ರೆಗೆ ಹೋದೆ. ಅಡ್ಜುಟೆಂಟರ ಹೆಂಡತಿ ಗಾಯಾಳುಗಳನ್ನು ನೋಡಬೇಕು ಎಂಬುದು ಇಲ್ಲಿಯ ಪದ್ಧತಿ. ಖಾಲಿ ಕೈಯಲ್ಲಿ ಹೋಗಲಾಗದೆ ಕುರುಗೋಡಿನಿಂದ ತಂದ ಶೇಂಗಾ ಉಂಡಿ ಒಯ್ದಿದ್ದೆ. ಅವನು ಒಂದನ್ನು ಬಾಯಿಗೆ ಹಾಕಿ, "ಇದು ಉಂಡಿಯೇನ್ರೀ ಅಮ್ಮಾವ್ರ? ಆಚಿ ದಂಡಿಯವ್ರು ಹೊಡದ ಗುಂಡು ಇದಕ್ಕಿಂತ ಮೆತ್ತಗಿತ್ತು" ಎಂದ. ಪಕ್ಕದ ಮಂಚದವರೆಲ್ಲ ನಕ್ಕರು, ನಾನೂ ನಕ್ಕೆ. ಕಾಲು ಉಳಿಯುತ್ತದಂತೆ, ಕುಂಟು ಮಾತ್ರ ತಪ್ಪುವುದಿಲ್ಲವಂತೆ. ಹೊನ್ನೂರಪ್ಪನ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆ.

"ಸಿಟ್ಟು ಬರ್ತೈತ್ರಿ, ಕಾಲು ನೋವಾದಾಗ ಬರ್ತೈತಿ," ಎಂದ. "ಆದ್ರ ನಾನಾ ಅವಂಗ ಹೋಗಲೇ ಅಂದಾಂವ. ತಂಗಿ ಮಾತು ಕೇಳಿ ಆಗಿನಿಂದ ಉಗುಳು ನುಂಗಾಕತ್ತಿದ್ದ, ನೋಡಾಕಾಗಲಿಲ್ಲ. ನಮ್ಮ ಕಂಪನಿ ಮಂದಿ ಹೊಳಿಗೆ ಅಳಿಯಂದ್ರಾಗೀವ್ರಿ. ಬಂದು ಒಗದ ಅಂಗಿ ಒಣಗಿದ್ದಿಲ್ಲ, ಹಸೇದನ್ನ ಮೈಮ್ಯಾಲೆ ಹಾಕ್ಕೊಂಡು ತಿರುಗಿ ಹೋದ್ವಿ. ಯಾವ ಪುಣ್ಯಾತ್ಮ ಕಳಿಸಿದನೋ, ಅವನ ಹೊಟ್ಟಿ ತಣ್ಣಗಿರಲಿ."

ಶಪಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಉಂಡಿಯ ಡಬ್ಬಿ ಅಲ್ಲಿಯೇ ಬಿಟ್ಟು ಎದ್ದು ಬಂದೆ.

ಅಂದು ಸಂಜೆ ಅವರು ಬರುವ ಹೊತ್ತಿಗೆ ಮೂರು ಕಪ್ಪುಗಳನ್ನು ಮೇಜಿನ ಮೇಲೆ ಇಟ್ಟು ಕೂತಿದ್ದೆ. ನಿಮ್ಮ ವಿಚಾರಣೆಯಲ್ಲಿ ಸಿ ಕಂಪನಿ ಏಕೆ ಎರಡು ಸಲ ಹೋಯಿತೆಂದು ಕೇಳುತ್ತಾರೆಯೇ ಎಂದೆ. ಕೇಳುತ್ತಾರೆ ಎಂದರು. ಏನು ಹೇಳುತ್ತೀರಿ ಎಂದೆ. ಅವರು ಟೋಪಿಯನ್ನು ಗೂಟಕ್ಕೆ ಹಾಕದೆ ಕೈಯಲ್ಲೇ ಹಿಡಿದು ನಿಂತರು.

"ನಾ ಹೇಳಿದ್ದು ಸುಳ್ಳಲ್ಲ, ಹಂಪಿ," ಎಂದರು. "ಹೊಳಿ ಏರಿದ್ದು ಖರೆ. ಬಿ ಕಂಪನಿ ಹುಡುಗರು ಹೊಸಬರು ಅನ್ನೂದೂ ಖರೆ. ಅದನ್ನಾ ಮತ್ತ ಹೇಳಿದ್ರ ಯಾರೂ ಮುಂದ ಕೇಳಂಗಿಲ್ಲ."

"ಹೊಳೆ ಏರದಿದ್ದರೆ ನೀವು ಬೇರೆ ಕಾರಣ ಹುಡುಕುತ್ತಿದ್ದಿರಿ" ಎಂದೆ.

ಗಾದೆಮ್ಮ ಒಳಗಿನಿಂದ ಬಂದು ಇಬ್ಬರ ಮುಖ ನೋಡಿ, "ಟೀ ಆರಿ ನೀರಾತು, ಕುಡಿಯೂದಿದ್ರ ಕುಡೀರಿ, ಇಲ್ಲಾಂದ್ರ ನಾ ಕುಡೀತೀನಿ" ಎಂದು ಗೊಣಗಿ ಹೋದಳು. ಕಪ್ಪು ಸರಿಸಿದ್ದು ನಾನು, ನಾನೇ ಸಾಹೇಬರ ಮುಂದೆ ಹೇಳುತ್ತೇನೆ ಎಂದೆ. "ಕಪ್ಪು ನಿಂದು. ಕಂಪನಿ ನಂದು" ಎಂದರು. ಮದುವೆಯಾದ ಮೇಲೆ ಅವರು ನನ್ನ ಮೇಲೆ ಸಿಟ್ಟಾದದ್ದು ಅದೇ ಮೊದಲು. ನನಗೆ ಅದು ಹೇಗೋ ಸಮಾಧಾನ ಎನಿಸಿತು. ಕಡೆಗೆ ಇಬ್ಬರೂ ಹೋದೆವು.

ಕರ್ನಲ್ ಸಾಹೇಬರು ನಮ್ಮ ಸೀಮೆಯವರಲ್ಲ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಕಾನ್ವೆಂಟಿನಲ್ಲಿ ಕಲಿತ ಒಳ್ಳೆಯ ಇಂಗ್ಲಿಷಿನಲ್ಲಿ ಇಷ್ಟು ಸಣ್ಣ ಕೆಲಸವೊಂದನ್ನು ಹೇಳುವುದು ಎಷ್ಟು ನಾಚಿಕೆಯೆಂದು ನಿನಗೆ ಗೊತ್ತಾಗದು. ಹಬ್ಬಕ್ಕೆ ಅಣ್ಣ ಬರುವುದು ನಮ್ಮಲ್ಲಿ ಏನೆಂದು ವಿವರಿಸಿದೆ. ಹೊಸ್ತಿಲು ಮುಟ್ಟುವುದು ಏನೆಂದು ವಿವರಿಸಿದೆ. ಕಪ್ಪಿನ ಮಾತು ಹೇಳಿದೆ. ಅವರು ನನ್ನನ್ನು ಬಿಟ್ಟು ನನ್ನ ಗಂಡನನ್ನು ನೋಡಿ, ಆ ಕಂಪನಿಗೆ ಎಷ್ಟು ವಿಶ್ರಾಂತಿ ಸಿಕ್ಕಿತ್ತು ಎಂದು ಕೇಳಿದರು. ಇವರು ನೆಟ್ಟಗೆ ನಿಂತು, ಒಗೆದ ಅಂಗಿ ಒಣಗುವಷ್ಟೂ ಸಿಕ್ಕಿರಲಿಲ್ಲ ಎಂದರು. ನಾನು ಎರ್ರೆಪ್ಪನ ಮಾತನ್ನು ಮನೆಯಲ್ಲಿ ಹೇಳಿದ್ದೆ. ಇವರು ಅದನ್ನು ಒಂದಕ್ಷರ ಬಿಡದೆ ಇಟ್ಟುಕೊಂಡಿದ್ದರು.

ಆದದ್ದು ಇಷ್ಟು. ಹೊನ್ನೂರಪ್ಪನ ಮೇಲೆ ಕೋರ್ಟ್ ಮಾರ್ಷಲ್ ಇಲ್ಲ. ಕಾವಲು ಬಿಟ್ಟದ್ದು ತಪ್ಪೇ, ಅದಕ್ಕೆ ದರ್ಜೆಯ ಗುರುತಾದ ತೋಳಿನ ಪಟ್ಟಿ ಹೋಯಿತು, ಗಣೇಶನ ಹಬ್ಬದವರೆಗೂ ಕೊಠಡಿಯಲ್ಲಿ ಇರಬೇಕು. ಕೆಲಸ ಉಳಿಯಿತು. ಆಮೇಲೆ ಅವನಿಗೆ ರದ್ದಾದ ರಜೆ ಸಿಗುತ್ತದೆ. ಸಿ ಕಂಪನಿಯನ್ನು ಪೂರ್ತಿ ಹೊಳೆಯಿಂದ ಕರೆಸಿ ವಿಶ್ರಾಂತಿಗೆ ಬಿಟ್ಟಿದ್ದಾರೆ. ನನ್ನ ಗಂಡ ಈಗ ಅಡ್ಜುಟೆಂಟ್ ಅಲ್ಲ. ಸರದಿ ಕಟ್ಟುವ ಕೆಲಸ ಬೇರೆಯವರಿಗೆ ಹೋಯಿತು. ಇವರನ್ನು ಬಿ ಕಂಪನಿಯ ಜೊತೆ ಹೊಳೆಗೆ ಕಳಿಸಿದ್ದಾರೆ, ಯಾವಾಗ ವಾಪಸು ಎಂದು ಹೇಳಿಲ್ಲ. ಹೊರಡುವಾಗ ಗೂಟದಿಂದ ಟೋಪಿ ತೆಗೆದುಕೊಂಡು, "ಸರದಿ ಬಂದಾಗ ಬರ್ತೀನಿ" ಎಂದರು. ಅಷ್ಟೇ ಹೇಳಿದರು.

ಸುಂಕಣ್ಣನೂ ಹೋದ. ಅವನಿಗೆ ವಿಷಯ ತಿಳಿದದ್ದು ಹೊರಡುವ ಹಿಂದಿನ ದಿನ. ಮನೆಗೆ ಬಂದು ಬಾಗಿಲಲ್ಲೇ ನಿಂತು, "ನಿನ್ನ ಜೋಕಾಲಿ ತೂಗಾಕ ಇನ್ನೊಬ್ಬಾಕಿ ಅಣ್ಣನ್ನ ನೀರಿಗೆ ಕಳಿಸಿದೇನ ಹಂಪಿ? ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದ. ಕೂತು ಹೋಗೆಂದೆ. ಕೂರಲಿಲ್ಲ. ಬರುವ ವರ್ಷ ಅವನು ನನ್ನನ್ನು ಕರೆಯಲು ಬರುತ್ತಾನೋ ಇಲ್ಲವೋ ನಾನು ಕೇಳಲಿಲ್ಲ.

ವಿರೂಪಮ್ಮನವರೇ, ನಿಮ್ಮ ಸೊಸೆ ಅಣ್ಣನನ್ನು ತಿಂದವಳಲ್ಲ. ಅವಳು ಕೇಳಿದ್ದು ಹೊಸ್ತಿಲವರೆಗಿನ ಅಣ್ಣನನ್ನು ಮಾತ್ರ, ಅದೂ ನಾನು ಕಿತ್ತುಕೊಂಡ ಮೇಲೆ. ಅವಳಿಗೆ ಅಂದ ಮಾತನ್ನು ನನಗೆ ಅನ್ನಿ. ಓಣಿಯಲ್ಲಿ ಯಾರಾದರೂ ಕೇಳಿದರೆ, ಬಳ್ಳಾರಿಯ ಕ್ಯಾಪ್ಟನ್ನರ ಹೆಂಡತಿ ಹಂಪಮ್ಮ ಮಾಡಿದ ಕೆಲಸ ಎಂದು ನನ್ನ ಹೆಸರು ಹಿಡಿದೇ ಹೇಳಿ.

ಸಾವಂತ್ರಿ, ನನ್ನ ಗಂಡನ ಗುಡಾರ ನಿಮ್ಮೂರ ಕಡವಿನ ಹತ್ತಿರವೇ ಇದೆ. ಎಂದಾದರೂ ಮಜ್ಜಿಗೆ ಕೇಳಿಕೊಂಡು ಯಾರಾದರೂ ಬಂದರೆ ಕೊಡುವುದು ಬಿಡುವುದು ನಿನಗೆ ಸೇರಿದ್ದು. ಕೊಡು ಎಂದು ಬರೆಯಲು ನನಗೆ ಬಾಯಿಲ್ಲ. ಊಟ ಮಾಡು ಎಂದು ಮಾತ್ರ ಬರೆಯುತ್ತೇನೆ.

ನಿನ್ನವಳೆಂದು ಬರೆದುಕೊಳ್ಳಲು ನಿನ್ನ ಉತ್ತರಕ್ಕೆ ಕಾಯುತ್ತಿರುವ
ಹಂಪಮ್ಮ

ತಾ.ಕ. ಇಲ್ಲಿಂದ ಮುಂದೆ ಅತ್ತೆಗೆ ಓದಬೇಡ. ಸಹಿ ಮಾಡಿ ಮಡಚಿದ್ದ ಪತ್ರವನ್ನು ನಿನಗೊಬ್ಬಳಿಗಾಗಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ಸುಳ್ಳು ಉಳಿದಿದೆ, ಅದೇ ಸುಳ್ಳು ಜುಲೈಯ ಪತ್ರದಲ್ಲೂ ಇದೆ. ಕಪ್ಪು ಸರಿಸಿದ ದಿನ ಮಧ್ಯಾಹ್ನ ಹೊನ್ನೂರಣ್ಣ ನಮ್ಮ ಮನೆಗೆ ಬಂದಿದ್ದ. ಅಂಗಡಿಯವನನ್ನು ಒಪ್ಪಿಸಿ ಎರಡು ಸೀರೆ ತಂದಿದ್ದ. "ಹಂಪವ್ವ, ಸಿ ಕಂಪನಿ ಹೊಳಿಯಿಂದ ಬಂತು, ನನಗ ರಜಾ ಸಿಕ್ಕೈತಿ. ಪಂಚಮಿಗಿ ಸಾವಂತ್ರಿನ ಕರಿಯಾಕ ಹೊಂಟೀನಿ, ಯಾವ್ದು ಒಪ್ತೈತಿ ಹೇಳು" ಎಂದ. ಎರಡನ್ನೂ ನನ್ನ ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯಲ್ಲಿ ನೋಡಿ ಗಿಣಿಹಸಿರು ಎಂದು ಆರಿಸಿದವಳು ನಾನು. ಅವನಿಗೆ ಟೀ ಕೊಟ್ಟೆ. ಸಿಪಾಯಿಗೆ ಹೂವಿನ ಕಪ್ಪು ಏಕೆಂದು ಹಿಡಿಕೆ ಮುರಿದದ್ದರಲ್ಲಿ ಕೊಟ್ಟೆ. ಚಿಕ್ಕಂದಿನಲ್ಲಿ ನಮ್ಮಿಬ್ಬರ ಜೋಕಾಲಿ ತೂಗಿದ ಎರಡೂ ಕೈಗಳಲ್ಲಿ ಸುಡುವ ಕಪ್ಪನ್ನು ಹಿಡಿದು ಕುಡಿದ, ತಾನೇ ತೊಳೆದು ತಟ್ಟೆಯಲ್ಲಿ ಬೋರಲು ಹಾಕಿ ಹೋದ. ಸಂಜೆ ನಾನು ಹೊಳೆಗೆ ತಳ್ಳುವಾಗ ಅದು ಇನ್ನೂ ಒದ್ದೆಯಾಗಿತ್ತು.